ಪ್ಯಾಟ್ ಕ್ಯಾಸ್ಟೆಲಿನೊ ನಮ್ಮವನಾಗದಿರಲಿ

ಹೊರಡುವ ಮುನ್ನ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನಾನು ನೋಡಲಿಲ್ಲ. ನಾನು ಹೋದದ್ದು ಒಬ್ಬ ಹುಡುಗನನ್ನು ನೋಡಲಿಕ್ಕೆ. ಅವನು ನಮ್ಮವನಲ್ಲ ಎಂದು ಖಾತ್ರಿ ಮಾಡಿಕೊಂಡು ಬರಲಿಕ್ಕೆ.

ಮದುವೆಯ ಹುಡುಗನನ್ನು ನೋಡಲು ಹೊರಟವರು ಅವನು ನಮ್ಮ ಪೈಕಿಯೇ ಆಗಿರಲಿ ಎಂದು ಬೇಡಿಕೊಂಡು ಹೋಗುವುದು ಲೋಕರೂಢಿ. ನಾನು ಮಾತ್ರ ಅವನು ಎಲ್ಲಿಯವನಾದರೂ ಆಗಲಿ, ನಮ್ಮವನಾಗದಿರಲಿ ಎಂದು ಮೊಂಬತ್ತಿ ಹಚ್ಚಿ ವಿಮಾನ ಹತ್ತಿದೆ. ಇದಕ್ಕೆ ಕಾರಣ ಹೇಳಬೇಕು.

ನಾನು ಹಿಲ್ಡಾ. ಕಾರ್ಕಳದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಅಣ್ಣ ವಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸ ಮಾಡಿ ಅಲ್ಲೇ ನೆಲೆಸಿದ್ದಾನೆ. ಅವನ ಒಬ್ಬಳೇ ಮಗಳು ಸ್ಮಿತಾ. ಮೆಲ್ಬರ್ನ್‌ಗೆ ಓದಲು ಹೋದವಳು ಅಲ್ಲೇ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಹಿಡಿದು ಅಲ್ಲೇ ಕಾಯಂ ಇರಲು ಪಿಆರ್ ಕೂಡ ಪಡೆದಳು. ನಮ್ಮ ಮನೆಮಾತು ಕೊಂಕಣಿಯಾದರೂ ಬೆಂಗಳೂರಲ್ಲಿ ಬೆಳೆದ ಅವಳ ಬಾಯಿಗೆ ಕನ್ನಡವೇ ಸಲೀಸು, ಅದೂ ಅರ್ಧ ಇಂಗ್ಲಿಷು.

ಅವಳು ಒಂದು ದಿನ ಫೋನು ಮಾಡಿ, ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ, ಇಲ್ಲೇ ಹುಟ್ಟಿದವನು, ಹೆಸರು ಪ್ಯಾಟ್ ಕ್ಯಾಸ್ಟೆಲಿನೊ ಎಂದಳು. ಅಣ್ಣನಿಗೆ ಹಿಗ್ಗೋ ಹಿಗ್ಗು. ಕ್ಯಾಸ್ಟೆಲಿನೊ ಎಂದರೆ ಮಂಗಳೂರು ಕಡೆಯ ಕ್ರಿಸ್ತುವರ ಅಪ್ಪಟ ಹೆಸರು. ನಮ್ಮದೂ ಅದೇ. ಆದರೆ ಅವಳು ಮುಂದುವರಿಸಿ, ಅವರು ಇಟಾಲಿಯನ್ಸ್ ಅಂತೆ, ಅವರ ಅಜ್ಜ ಹಡಗಲ್ಲಿ ಬಂದು ಸಿಡ್ನಿಯಲ್ಲಿ ಇಳಿದವರಂತೆ ಎಂದಾಗ ಅಣ್ಣನ ಹಿಗ್ಗು ಅಲ್ಲೇ ನಿಂತಿತು. ಅವನಿಗೆ ತಕ್ಷಣ ನೆನಪಾದದ್ದು ಪಾಸ್ಕು ಬಾಪ್ಪು.

ಬಾಪ್ಪು ಎಂದರೆ ನಮ್ಮಲ್ಲಿ ಚಿಕ್ಕಪ್ಪ. ನಮ್ಮ ತಂದೆಯ ತಮ್ಮ ಪಾಸ್ಕು ಬೊಂಬಾಯಿಯಲ್ಲಿ ಹಡಗಿನ ಅಡುಗೆಮನೆಯ ಕೆಲಸಕ್ಕೆ ಸೇರಿದ. ನಾನು ಹುಟ್ಟುವ ಮೊದಲಿನ ಮಾತು. ಒಂದು ಸಲ ಸಿಡ್ನಿಗೆ ಹೋದ ಹಡಗು ಅವನಿಲ್ಲದೆ ಮರಳಿತು. ಜೊತೆಗಿದ್ದ ನಮ್ಮೂರಿನವನೊಬ್ಬ ತಂದ ಸುದ್ದಿ ಇಷ್ಟು: ಪಾಸ್ಕು ಸಾಲದ ಕೋಟು ತೊಟ್ಟು, ಟೋಪಿ ಇಟ್ಟುಕೊಂಡು ಇಳಿದ. ಇಲ್ಲಿ ನಮ್ಮ ಬಣ್ಣದವರನ್ನು ಇರಗೊಡುವುದಿಲ್ಲ, ಇಟಲಿಯವನೆಂದರೆ ಬಿಡುತ್ತಾರೆ, ನನ್ನ ಹೆಸರೂ ಅದಕ್ಕೆ ಒಪ್ಪುತ್ತದೆ ಎಂದು ನಗುತ್ತಾ ಹೇಳಿದನಂತೆ. ಆಮೇಲೆ ಸುದ್ದಿ ಇಲ್ಲ.

ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಸರ ಮುಗಿದ ಮೇಲೆ ತೀರಿಕೊಂಡವರಿಗಾಗಿ ಒಂದು ಪರಲೋಕ ಮಂತ್ರ, ಪ್ರಯಾಣದಲ್ಲಿರುವವರಿಗಾಗಿ ಒಂದು ಎಂದು ಹೆಸರು ಹಿಡಿದು ಹೇಳುವ ಪದ್ಧತಿ ಉಂಟು. ಪಾಸ್ಕು ಬಾಪ್ಪುವಿನ ಹೆಸರು ಪ್ರಯಾಣಿಕರ ಸಾಲಿನಲ್ಲಿತ್ತು. ತಂದೆ ಬದುಕಿರುವವರೆಗೂ ಅದನ್ನು ಆಚೆ ಸಾಲಿಗೆ ದಾಟಿಸಲಿಲ್ಲ. ಅಣ್ಣನೂ ದಾಟಿಸಿಲ್ಲ. ಅಷ್ಟು ದೀರ್ಘ ಪ್ರಯಾಣ ಯಾರೂ ಮಾಡಿರಲಾರರು.

ಆ ಪ್ಯಾಟ್ ಪಾಸ್ಕು ಬಾಪ್ಪುವಿನ ಮೊಮ್ಮಗನೇ ಆಗಿದ್ದರೆ? ಸ್ಮಿತಾ ಬಾಪ್ಪುವಿನ ಅಣ್ಣನ ಮೊಮ್ಮಗಳು. ಅಲ್ಲಿಗೆ ಹುಡುಗ, ಹುಡುಗಿ ಅಣ್ಣ ತಂಗಿ ಆಗುತ್ತಾರೆ. ಇಗರ್ಜಿಯ, ಅಂದರೆ ಚರ್ಚಿನ, ಕಾನೂನು ಅಡ್ಡ ಬರಲಿಕ್ಕಿಲ್ಲ. ಆದರೆ ಅಣ್ಣ ಬದುಕಿರುವುದು ಕಾನೂನಿನ ಮೇಲಲ್ಲ.

“ಹಿಲ್ಡಾ, ನೀನೇ ಹೋಗಿ ನೋಡಿ ಬಾ. ನಮ್ಮ ಮನೆಯ ರಕ್ತವಾ, ಅಲ್ವಾ, ಅಷ್ಟು ಹೇಳು ಸಾಕು. ಅಲ್ಲ ಅಂತಾದ್ರೆ ನಾಳೆಯೇ ಮದುವೆ ಮಾಡ್ತೇನೆ,” ಎಂದ. ವಿಮಾನ ಎಂದರೆ ಅವನಿಗೆ ತಲೆ ಸುತ್ತು. ನನಗೆ ಕುವೈತಿನ ತಂಗಿಯ ಮನೆಗೆಂದು ಮಾಡಿಸಿದ ಪಾಸ್‌ಪೋರ್ಟ್ ಇತ್ತು. ಸ್ಮಿತಾಗೆ ಏನೂ ಹೇಳಬಾರದು ಎಂದು ತಾಕೀತು ಬೇರೆ. ಮಗಳಿಗೆ ಉತ್ತರ ಕೊಡದೆ, ‘ಆಂಟಿ ಬರ್ತಾಳೆ, ಆಮೇಲೆ ನೋಡುವಾ’ ಎಂದಷ್ಟೇ ಹೇಳಿ ಅವನು ಫೋನು ಇಟ್ಟುಬಿಟ್ಟಿದ್ದ.

ಸಿಡ್ನಿ: ಲೀನಾಳ ಪಾಠ

ಸಿಡ್ನಿಯಲ್ಲಿ ನನ್ನ ಕಾಲೇಜು ಗೆಳತಿ ಸ್ಟೆಲ್ಲಾ ಇದ್ದಾಳೆ. ಮೊದಲು ಅವಳ ಮನೆಗೆ ಹೋಗಿ ಸುಧಾರಿಸಿಕೊಂಡು ಮೆಲ್ಬರ್ನ್‌ಗೆ ಹೋಗುವುದೆಂದು ಮಾತಾಗಿತ್ತು. ಅದು ಅಲ್ಲಿಯ ಕಡುಬೇಸಿಗೆ. ನಾವು ಜನವರಿ ಎಂದರೆ ಸ್ವೆಟರ್ ಹುಡುಕುವವರು. ಅಲ್ಲಿ ನೆಲ ಕಾದ ಕಾವಲಿ.

ಆ ಕಾವಲಿಯ ಮೇಲೆ ಜನ ಬರಿಗಾಲಲ್ಲಿ ನಡೆಯುತ್ತಾರೆ. ಮೊದಲ ದಿನ ಅಂಗಡಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಬರಿಗಾಲಲ್ಲಿ ಹಾಲು, ಬ್ರೆಡ್ಡು ಆರಿಸುತ್ತಿದ್ದ. ಪಾಪ, ಏನೋ ಹರಕೆ ಹೊತ್ತಿರಬೇಕು ಎಂದುಕೊಂಡೆ. ಹಿಂದೆಯೇ ಹೆಂಡತಿ, ಇಬ್ಬರು ಮಕ್ಕಳು, ಎಲ್ಲರೂ ಬರಿಗಾಲು. ಇಡೀ ಸಂಸಾರದ ಹರಕೆ ಎಂದು ಸ್ಟೆಲ್ಲಾಳಿಗೆ ಪಿಸುಗುಟ್ಟಿದೆ. ಅವಳು ನಕ್ಕು ನಕ್ಕು ಕೈಯ ಬುಟ್ಟಿಯನ್ನೇ ಕೆಳಗೆ ಇಟ್ಟಳು. ಅವರು ಸುಮ್ಮನೆ ಚಪ್ಪಲಿ ಹಾಕಿಕೊಂಡಿರಲಿಲ್ಲ, ಅಷ್ಟೇ.

ಇನ್ನೊಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಕಾರ್ಕಳದ ಬಸ್ಸಿನಲ್ಲಿ ಥ್ಯಾಂಕ್ಸ್ ಹೇಳಲು ನಿಂತರೆ ಕಂಡಕ್ಟರ್ ‘ರೈಟ್, ಪೋಯಿ’ ಎಂದು ಶಿಳ್ಳೆ ಹೊಡೆದಾಗಿರುತ್ತದೆ, ನಮ್ಮ ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ.

ಸ್ಟೆಲ್ಲಾ ಇರುವುದು ಲೈಕಾರ್ಟ್ ಎಂಬ ಸಬರ್ಬ್ ಹತ್ತಿರ, ಇಟಲಿಯವರ ಹಳೆಯ ಬೀಡು. ಪಕ್ಕದ ಮನೆಯ ಲೀನಾ ಅವಳ ಗೆಳತಿ, ನನ್ನ ಹಾಗೆ ನಿವೃತ್ತ ಟೀಚರು. ಹೆಸರು ಕೇಳಿ ಇಟಲಿಯದ್ದು ಹೌದೋ ಅಲ್ಲವೋ ಹೇಳುವುದರಲ್ಲಿ ತಾನು ನಿಸ್ಸೀಮಳು ಎಂದು ಅವಳೇ ಹೇಳಿಕೊಂಡಳು. ನನಗೆ ಬೇಕಾಗಿದ್ದದ್ದೂ ಅದೇ. ಅವಳ ಹಿತ್ತಲಿನ ಅಂಜೂರದ ಮರದ ಕೆಳಗೆ, ಔಷಧಿಯಷ್ಟು ಕಪ್ಪು ಕಾಫಿ ಹಿಡಿದು ಪಾಠಕ್ಕೆ ಕೂತೆ.

“ಸುಲಭ. ಹೆಸರು ಸ್ವರದಲ್ಲಿ ಮುಗಿದರೆ ನಮ್ಮದು,” ಎಂದಳು ಲೀನಾ.

ನಾನು ಪಿಂಟೊ, ಲೋಬೊ, ರೇಗೊ, ಸಲ್ಡಾನ್ಹಾ, ಡಿಸೋಜಾ ಎಂದು ನಮ್ಮೂರಿನ ಹೆಸರುಗಳನ್ನು ಒಂದೊಂದಾಗಿ ಮುಂದಿಟ್ಟೆ. ಎಲ್ಲವೂ ಸ್ವರದಲ್ಲೇ ಮುಗಿಯುವಂಥವು. ಅವಳ ಸೂತ್ರದ ಪ್ರಕಾರ ನಮ್ಮ ಇಡೀ ಧರ್ಮಪ್ರಾಂತ್ಯದ ಮುಕ್ಕಾಲು ಪಾಲು ಇಟಲಿಯವರೇ.

ಲೀನಾ ಸೋಲುವವಳಲ್ಲ. ಸೂತ್ರವನ್ನು ತಿದ್ದಿದಳು. ಕೊನೆಗೆ ‘ಇ’ ಬಂದರೆ ಬಹುತೇಕ ಇಟಲಿ, ರೊಸ್ಸಿ, ಬಿಯಾಂಕಿ, ಫೆರಾರಿ ಇದ್ದ ಹಾಗೆ. ಅರ್ಥ ಹಿಡಿದು ಹೇಳಿದರೆ ಒಂದು ಕೆಂಪು ಕೂದಲಿನವರ ಮನೆ, ಒಂದು ಬಿಳಿಯರ ಮನೆ, ಒಂದು ಕಮ್ಮಾರರ ಮನೆ. ಎಟ್ಟಿ, ಎಲ್ಲೊ, ಇನೊ ಎಂದು ಬಾಲ ಇದ್ದರೆ ಅದು ಚಿಕ್ಕದು, ಮುದ್ದಿನದು ಎಂದು ಹೇಳುವ ರೀತಿ, ಅದೂ ಇಟಲಿ. ‘ಎಸ್’ನಲ್ಲಿ ಮುಗಿದರೆ, ಫೆರ್ನಾಂಡಿಸ್, ಗೊನ್ಸಾಲ್ವಿಸ್, ಅದು ಪೋರ್ಚುಗೀಸರದು, ಅಂದರೆ ನಿಮ್ಮದು. ಇಷ್ಟು ಹೇಳಿ ಉಸಿರು ಬಿಡುವಷ್ಟರಲ್ಲಿ, ಸಾರ್ಡೀನಿಯಾ ದ್ವೀಪದವರದು ಮಾತ್ರ ‘ಎಸ್’ನಲ್ಲೂ ಮುಗಿಯುತ್ತದೆ, ವೆನಿಸ್ ಕಡೆಯವರದು ವ್ಯಂಜನದಲ್ಲೂ ಮುಗಿಯುತ್ತದೆ, ಕೋಸ್ತಾ ಎಂಬುದು ಇಬ್ಬರದೂ ಹೌದು ಎಂದಳು. ನಾನು ವ್ಯಾಕರಣ ಕಲಿಸುತ್ತಿದ್ದವಳು. ಸೂತ್ರಕ್ಕಿಂತ ಅಪವಾದ ಹೆಚ್ಚಾದರೆ ಮಕ್ಕಳು ಹೇಗೆ ನೋಡುತ್ತಾರೋ ಹಾಗೆ ಅವಳನ್ನು ನೋಡಿದೆ.

ಕೊನೆಗೆ ಎದೆ ಗಟ್ಟಿ ಮಾಡಿಕೊಂಡು, “ಕ್ಯಾಸ್ಟೆಲಿನೊ?” ಎಂದೆ.

“ಅದರಲ್ಲಿ ಸಂಶಯವೇ ಇಲ್ಲ. ಚಿಕ್ಕ ಕೋಟೆ ಅಂತ ಅರ್ಥ. ಅಪ್ಪಟ ಇಟಲಿ.”

“ನನ್ನ ತವರಿನ ಹೆಸರೂ ಅದೇ. ನಾನು ಇಟಲಿಯವಳ ಹಾಗೆ ಕಾಣ್ತೇನಾ?”

ಲೀನಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಹಾಗಾದರೆ ನಮ್ಮವನು ಯಾರೋ ನಿಮ್ಮಲ್ಲಿಗೆ ಬಂದಿರಬೇಕು.”

“ಬಂದವರು ಪಾದ್ರಿಗಳು. ಪಾದ್ರಿಗಳಿಗೆ ಮಕ್ಕಳಿರುವುದಿಲ್ಲ,” ಎಂದೆ. ಸ್ಟೆಲ್ಲಾ ಕೆಮ್ಮಿದಳು. ಲೀನಾ ತುಟಿ ಬಿಗಿಹಿಡಿದು ನನಗೆ ಇನ್ನೊಂದು ಬಿಸ್ಕತ್ತು ಕೊಟ್ಟಳು. ಪಾಠ ಅಲ್ಲಿಗೆ ಮುಗಿಯಿತು. ಹೆಸರಿನಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ನನಗೆ ಖಚಿತವಾಯಿತು.

ಹಳೆಯ ಧಕ್ಕೆ

ಸ್ಟೆಲ್ಲಾ ನನಗೆ ಸಮುದ್ರ ತೋರಿಸಲು ಕರೆದೊಯ್ದಳು. ಎಲ್ಲರೂ ಫೋಟೊ ತೆಗೆಯುವ ಬಿಳಿ ಕಟ್ಟಡವನ್ನೂ ದೊಡ್ಡ ಸೇತುವೆಯನ್ನೂ ನಾನೂ ನೋಡಿದೆ, ಚೆನ್ನಾಗಿವೆ. ಆದರೆ ನನಗೆ ಬೇಕಾಗಿದ್ದದ್ದು ಹಿಂದೆ ಹಡಗುಗಳು ನಿಲ್ಲುತ್ತಿದ್ದ ಧಕ್ಕೆ. ಅದನ್ನೂ ತೋರಿಸಿದಳು. ಈಗ ಅಲ್ಲಿ ಶ್ರೀಮಂತರ ಮನೆಗಳು, ಹೋಟೆಲುಗಳು. ಸರಕು ಇಳಿಸುತ್ತಿದ್ದ ಮರದ ತೊಲೆಗಳಿಗೆ ಎಣ್ಣೆ ಹಚ್ಚಿ ಫಳಫಳ ಹೊಳೆಸಿದ್ದಾರೆ.

ನಾನು ಒಂದು ತೊಲೆಯ ಮೇಲೆ ಕೈಯಿಟ್ಟು ನಿಂತೆ. ಸಾಲದ ಕೋಟು ತೊಟ್ಟ ಒಬ್ಬ ಹುಡುಗ ಇಲ್ಲೆಲ್ಲೋ ಇಳಿದು ತಿರುಗಿ ನೋಡದೆ ನಡೆದುಹೋದ. ನಾನು ಕಾಣದ ಮನುಷ್ಯ. ಆದರೂ ದಿನಾ ಸಂಜೆ ಅವನ ಹೆಸರು ಹೇಳಿ ಬೆಳೆದವಳಿಗೆ ಅವನು ಅಪರಿಚಿತನಲ್ಲ. ಒಂದು ಕ್ಷಣ ನನಗೆ ಅವನ ಮೇಲೆ ಸಿಟ್ಟು ಬಂತು. ಬದುಕಿದ್ದೇನೆ ಎಂದು ಒಂದು ಮಾತು ಹೇಳಿ ಕಳಿಸಿದ್ದರೆ ಏನು ಗಂಟು ಹೋಗುತ್ತಿತ್ತು ಮಹರಾಯನಿಗೆ.

“ಎಂತ ಯೋಚನೆ ಮಾರಾಯ್ತಿ, ಹಸಿವಾ?” ಎಂದು ಸ್ಟೆಲ್ಲಾ ಕೇಳಿದಳು. ಹೌದು ಎಂದೆ. ಮೀನು, ಆಲೂಗಡ್ಡೆ ಕರಿದದ್ದು ತಿಂದೆವು. ಅರ್ಧ ಮೀನನ್ನು ಒಂದು ಕಡಲಹಕ್ಕಿ ನನ್ನ ಕೈಯಿಂದಲೇ ಕಿತ್ತುಕೊಂಡು ಹೋಯಿತು. ಮಲ್ಪೆಯ ಕಾಗೆಗಳಿಗೂ ಇಷ್ಟು ಧೈರ್ಯವಿಲ್ಲ.

ಗ್ಲೆನ್ ವೇವರ್ಲಿ

ಮೆಲ್ಬರ್ನ್‌ನಲ್ಲಿ ಸ್ಮಿತಾಳ ಬಾಡಿಗೆ ಮನೆ ಇರುವುದು ಗ್ಲೆನ್ ವೇವರ್ಲಿಯಲ್ಲಿ, ರೈಲು ಹಳಿ ಮುಗಿಯುವ ಊರು. ಕೊನೆಯ ನಿಲ್ದಾಣದಲ್ಲಿ ಮನೆಯಿದ್ದರೆ ದೊಡ್ಡ ಅನುಕೂಲ ಏನೆಂದರೆ ರೈಲಿನಲ್ಲಿ ನಿದ್ದೆ ಹೋದರೂ ಚಿಂತೆಯಿಲ್ಲ. ನಾನು ಒಬ್ಬಳೇ ಪೇಟೆ ಸುತ್ತಿ ಬರುವಾಗ ಗೊರಕೆ ಹೊಡೆದೆ. ಎದುರಿಗಿದ್ದ ಹೆಂಗಸು ಭುಜ ತಟ್ಟಿ, ಲವ್, ಇನ್ನು ರೈಲು ಮುಂದೆ ಹೋಗುವುದಿಲ್ಲ ಎಂದು ಎಬ್ಬಿಸಿದಳು. ಗುರುತು ಪರಿಚಯ ಇಲ್ಲದವರೆಲ್ಲ ಅಲ್ಲಿ ನನ್ನನ್ನು ಲವ್, ಡಾರ್ಲಿಂಗ್ ಎಂದು ಕರೆದರು. ನನ್ನ ಗಂಡ ಬದುಕಿರುವವರೆಗೂ ಹಾಗೆ ಕರೆದವರಲ್ಲ.

ಪ್ಯಾಟ್ ಮೊದಲ ಸಲ ಬಂದದ್ದು ಕೆಲಸದಿಂದ ನೇರವಾಗಿ. ಎಲೆಕ್ಟ್ರಿಷಿಯನ್ ಅವನು. ಬೂಟು ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಬಂದ. ಬಂದವನೇ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಊಟ ಮಾಡಿದಿರಾ ಎಂದು ಇಂಗ್ಲಿಷಿನಲ್ಲೇ ಕೇಳಿದ. ಊಟ ಆಯಿತಾ ಎಂದು ಕೇಳುವವನು ನಮ್ಮವನೇ ಆಗಿರಬೇಕು ಎಂದುಕೊಂಡು ಅವನ ಮುಖವನ್ನೇ ಪರೀಕ್ಷಿಸಿದೆ. ಗುಂಗುರು ಕೂದಲು, ಕಪ್ಪುಗಣ್ಣು. ಅಣ್ಣನ ಮೂಗಿನಂತೆ ನಡುವೆ ಏರಿ ಇಳಿದ ಮೂಗು. ಬಿಸಿಲಿಗೆ ಕೆಲಸ ಮಾಡಿ ಮಾಡಿ ಬಣ್ಣ ನನ್ನದಕ್ಕಿಂತ ಒಂದು ಕೈ ಹೆಚ್ಚೇ ಗಾಢ.

ನಾನು ಮಾಡಿದ ಹಂದಿ ಮಾಂಸದ ಪದಾರ್ಥದಲ್ಲಿ ಸಾನ್ನ (ನಮ್ಮ ಸೇಂದಿ ಹಾಕಿದ ಇಡ್ಲಿ, ಅಲ್ಲಿ ಯೀಸ್ಟೇ ಗತಿ) ಮುಳುಗಿಸಿ ತಿಂದ. ತಟ್ಟೆಯನ್ನು ಕೊನೆಗೆ ಬೆರಳಿನಿಂದ ಒರೆಸಿದ. ನಾನು ಮೆಲ್ಲಗೆ ಕೇಳಿದೆ, “ಪ್ಯಾಟ್ ಅಂದ್ರೆ ಪ್ಯಾಟ್ರಿಕ್ಕಾ?”

“ಇಲ್ಲ ಆಂಟಿ. ಪಾಸ್ಕ್ವಾಲೆ. ನಮ್ಮ ಅಜ್ಜನ ಹೆಸರು. ನಮ್ಮಲ್ಲಿ ಹಿರಿ ಮಗನ ಹಿರಿ ಮಗನಿಗೆ ಅಜ್ಜನ ಹೆಸರಿಡ್ತಾರೆ.”

ಪಾಸ್ಕ್ವಾಲೆ. ಅಂದರೆ ಪಾಸ್ಕು. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲೂ ಉಂಟು. ಅವನು ಬೇಡ ಎನ್ನುವ ಮೊದಲೇ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

“ಅಜ್ಜ ಎಲ್ಲಿಯವರು?”

“ಸಿಸಿಲಿ. ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಅವರು ಎಲ್ಲ ವಿಷಯ ಮಾತಾಡ್ತಿದ್ದರು. ಹಡಗಿನ ವಿಷಯ ಕೇಳಿದರೆ ಮಾತ್ರ ಎದ್ದು ಹೊರಗೆ ಹೋಗ್ತಿದ್ದರು.”

ಅವನು ಹೋದ ಮೇಲೆ ಸ್ಮಿತಾ ಪಾತ್ರೆ ತೊಳೆಯುತ್ತಾ ನನ್ನ ಕಡೆ ತಿರುಗದೆ ಹೇಳಿದಳು: “ಆಂಟಿ, ನಿಮ್ಗೆ ಅವ್ನು ಇಷ್ಟ ಆಗ್ಲಿಲ್ಲ ಅಲ್ವಾ? ನಿಮ್ಮ ಫೇಸ್ ನೋಡಿದ್ರೇ ಗೊತ್ತಾಗತ್ತೆ.”

“ಹಾಗೇನಿಲ್ಲ ಪುಟ್ಟ. ಒಳ್ಳೆ ಹುಡುಗ.”

“ಮತ್ತೆ? ಅಪ್ಪನಿಗೆ ಅವ್ನು ಫಾರಿನರ್ ಅನ್ನೋದೇ ಪ್ರಾಬ್ಲಮ್ ತಾನೇ? ಡೈರೆಕ್ಟಾಗಿ ಹೇಳ್ಬಹುದಲ್ವಾ? ಅದಕ್ಕೆ ನಿಮ್ಮನ್ನ ಇನ್‌ಸ್ಪೆಕ್ಷನ್‌ಗೆ ಯಾಕೆ ಕಳಿಸ್ಬೇಕು? ಎಷ್ಟು ದಿನದಿಂದ ನಂಗೆ ನಿದ್ದೆ ಇಲ್ಲ ಗೊತ್ತಾ.” ನಲ್ಲಿ ಸುಮ್ಮನೆ ಹರಿಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ತಾಕೀತು ಹಾಳಾಗಿ ಹೋಗಲಿ ಎಂದುಕೊಂಡೆ. “ಅಯ್ಯೋ ಮಾರಾಯ್ತಿ, ಅವನು ಪೂರ್ತಿ ಫಾರಿನರ್ ಆಗಿರಲಿ ಅಂತಲೇ ನಿನ್ನಪ್ಪ ದಿನಾ ಮೊಣಕಾಲೂರಿ ತೇರ್ಸ್ ಮಾಡ್ತಿರುವುದು,” ಎಂದೆ.

ಪಾಸ್ಕು ಬಾಪ್ಪುವಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ಬಾಯಿ ತೆರೆದು ಕೇಳಿದಳು. ಮೊದಲು ನಕ್ಕಳು. ಆಮೇಲೆ ಲೆಕ್ಕ ಹಾಕಿದಳು, ಅಜ್ಜ, ಅಜ್ಜನ ತಮ್ಮ, ಅವನ ಮೊಮ್ಮಗ. ನಗು ನಿಂತಿತು.

“ಆಂಟಿ, ಹಂಗಿದ್ರೆ ಅವ್ನು ನಂಗೆ ಅಣ್ಣ ಆಗ್ತಾನೆ.”

“ಅದಕ್ಕೇ ಬಂದದ್ದು.”

ಅವಳು ಕುರ್ಚಿ ಎಳೆದು ಕೂತಳು. ನಲ್ಲಿ ನಾನೇ ನಿಲ್ಲಿಸಿದೆ. ಈಗ ಅವಳ ಭಯವೂ ನನ್ನ ತಲೆಗೇ ಬಂತು. ಬಾಪ್ಪು ಹೆಂಡತಿಗೂ ಗುಟ್ಟು ಬಿಡದೆ ಬದುಕಿದ್ದರೆ, ಅಲ್ಲಿ ಯಾರನ್ನು ಕೇಳಿದರೂ ಸಿಸಿಲಿ ಎಂದೇ ಹೇಳುತ್ತಾರೆ.

“ಶನಿವಾರ ಅವ್ರ ನೋನಾ ಮನೇಲಿ ಸಾಸ್ ಮಾಡ್ತಾರೆ. ನಮ್ಮಿಬ್ರನ್ನೂ ಕರ್ದಿದ್ದಾರೆ,” ಎಂದಳು ಸಣ್ಣ ದನಿಯಲ್ಲಿ. ನೋನಾ ಎಂದರೆ ಅಜ್ಜಿ. “ನೀವೇ ಕೇಳಿ ಆಂಟಿ. ನಂಗಾಗಲ್ಲ.”

ಟೊಮೆಟೊ ದಿನ

ಇಟಲಿಯವರು ವರ್ಷಕ್ಕೆ ಬೇಕಾಗುವ ಟೊಮೆಟೊ ಸಾರವನ್ನು ಬೇಸಿಗೆಯ ಕೊನೆಯಲ್ಲಿ ಒಂದೇ ದಿನ ಮಾಡಿ ಬಾಟಲಿಗೆ ತುಂಬಿಡುತ್ತಾರೆ. ಅದಕ್ಕೆ ಇಡೀ ಬಳಗ ಸೇರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಹಪ್ಪಳಕ್ಕೆ ನೆರೆಕರೆಯವರೆಲ್ಲ ಸೇರುವ ಹಾಗೆ. ಊರಿನ ಉತ್ತರಕ್ಕೆ, ನೋನಾಳ ಮನೆಯ ಕಾರು ಶೆಡ್ಡಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಒಳಗೆ ಇನ್ನೊಂದು ಅಡುಗೆಮನೆಯೇ ಇತ್ತು. ಪೆಟ್ಟಿಗೆಗಟ್ಟಲೆ ಟೊಮೆಟೊ, ಸ್ನಾನದ ತೊಟ್ಟಿಯಲ್ಲಿ ತೊಳೆಯುವವರು, ಹಲಗೆಯ ಮೇಲೆ ಹೆಚ್ಚುವವರು, ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿ ಸಿಪ್ಪೆ ಬೀಜ ಬೇರೆ ಮಾಡುವವರು. ಅಂಗಳದಲ್ಲಿ ಡ್ರಮ್ಮಿನ ಕೆಳಗೆ ಬೆಂಕಿ.

ನೋನಾ ರೊಸಾರಿಯಾ ನನ್ನ ಭುಜದೆತ್ತರದ ಹೆಂಗಸು, ಮೈಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಹೂವಿನ ಏಪ್ರನ್. ಇಂಗ್ಲಿಷ್ ನಾಲ್ಕಾರು ಪದ ಗೊತ್ತು, ಅವನ್ನೂ ಬೈಯಲು ಮಾತ್ರ ಬಳಸುತ್ತಾಳೆ. ನಾನು ಟೊಮೆಟೊ ಹೆಚ್ಚಿದ್ದು ಅವಳಿಗೆ ಸರಿಬರಲಿಲ್ಲ. ಚಾಕು ಕಿತ್ತುಕೊಂಡು, ಪ್ರತಿ ಬಾಟಲಿಗೆ ಒಂದು ಎಲೆ ಹಾಕುವ ಕೆಲಸ ಕೊಟ್ಟಳು. ನಮ್ಮ ತುಳಸಿಯ ದಾಯಾದಿಯಂತಿದ್ದ ಸೊಪ್ಪು. ಹಪ್ಪಳದ ದಿನ ಕೈಲಾಗದವರನ್ನು ಕಾಗೆ ಓಡಿಸಲು ಕೂರಿಸುತ್ತೇವಲ್ಲ, ಆ ದರ್ಜೆಯ ಕೆಲಸ.

ಎಲೆ ಹಾಕುತ್ತಾ ನಾನು ಪತ್ತೇದಾರಿಕೆ ನಡೆಸಿದೆ. ನೋಡಿದ್ದೆಲ್ಲ ನನ್ನ ವಿರುದ್ಧವೇ ಹೋಯಿತು. ಮೊದಲ ಬಾಟಲಿಯ ಮೇಲೆ ನೋನಾ ಶಿಲುಬೆಯ ಗುರುತು ಮಾಡಿದಳು. ನಮ್ಮಮ್ಮ ಹೊಸ ಅಕ್ಕಿಯ ಮೇಲೆ ಹಾಗೇ ಮಾಡುತ್ತಿದ್ದಳು. ಸೆಖೆಗೆ ಸ್ಮಿತಾಳ ತಲೆ ಸಿಡಿಯತೊಡಗಿದಾಗ ನೋನಾ ಅವಳನ್ನು ಕೂರಿಸಿ, ಬಟ್ಟಲ ನೀರಿಗೆ ಎಣ್ಣೆ ಹನಿಸಿ, ಏನೋ ಮಣಮಣ ಹೇಳಿ, ಯಾರದೋ ಕಣ್ಣು ತಾಗಿದೆ ಎಂದು ತೀರ್ಪು ಕೊಟ್ಟಳು. ನಮ್ಮಮ್ಮ ಎಣ್ಣೆಯ ಬದಲು ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಇದನ್ನೆಲ್ಲ ಈ ಮುದುಕಿಗೆ ಕಲಿಸಿದವರು ಯಾರು? ಬಾಪ್ಪುವೇ ಇರಬೇಕು. ಶೆಡ್ಡಿನ ಗೋಡೆಯ ಮೇಲೆ ಟೋಪಿ ಇಟ್ಟ ಅಜ್ಜನ ಫೋಟೊ ಇತ್ತು. ಅದೇ ಮೂಗು. ಬೆವರು ಇಳಿದು ನನ್ನ ಕಣ್ಣು ಉರಿಯಿತು. ಒಂದು ಬಾಟಲಿಗೆ ನಾಲ್ಕು ಎಲೆ ತುರುಕಿದೆ.

ಆಗ ನೋನಾ ನನ್ನ ಮುಂದೆ ಬಂದು ನಿಂತಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಪ್ಯಾಟನ್ನು ಕರೆದು ಏನೋ ಹೇಳಿದಳು. ಅವನು ಕಿವಿಯವರೆಗೆ ಕೆಂಪಾದ.

“ಆಂಟಿ, ಕ್ಷಮಿಸಿ. ನೋನಾ ಏನೋ ಕೇಳ್ತಿದ್ದಾಳೆ. ನಾನಲ್ಲ ಕೇಳ್ತಿರೋದು.”

“ಏನು?”

“ನಿಮ್ಮ ಊರು ಯಾವುದು, ನೀವು ಯಾರ ಮಕ್ಕಳು, ನಿಮಗೆ ಈ ಹೆಸರು ಎಲ್ಲಿಂದ ಬಂತು ಅಂತ. ಅವಳ ಊರಲ್ಲಿ ಕ್ಯಾಸ್ಟೆಲಿನೊ ಅಂದ್ರೆ ಎಲ್ಲರೂ ಒಂದೇ ರಕ್ತವಂತೆ. ಒಂದೇ ಹೆಸರಿನವರು ಮದುವೆಯಾಗಿ ಮಕ್ಕಳು ಪಟ್ಟ ಪಾಡು ನೋಡಿದ್ದಾಳಂತೆ. ಸ್ಮಿತಾಳ ಹೆಸರು ಕೇಳಿದ ದಿನದಿಂದ ಅವಳಿಗೆ ಊಟ ಸೇರ್ತಿಲ್ಲ. ನಾವು ಯಾರೂ ಅದನ್ನ ಸೀರಿಯಸ್ಸಾಗಿ ತಗೊಳ್ಳಲಿಲ್ಲ.”

ನಾನು ಆ ಮುದುಕಿಯ ಮುಖ ನೋಡಿದೆ. ಇಷ್ಟು ಹೊತ್ತು ನಾನು ಅವಳನ್ನು ನೋಡುತ್ತಿದ್ದ ಕಣ್ಣಿನಲ್ಲೇ ಅವಳು ನನ್ನನ್ನು ನೋಡುತ್ತಿದ್ದಳು. ಅವಳಿಗೂ ನನ್ನ ಮೂಗಿನ ಮೇಲೆ ಗುಮಾನಿ. ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಎನಿಸಿತು.

ಹೇಳಿದೆ. ನಮ್ಮ ಹಿರಿಯರಿಗೆ ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ದೀಕ್ಷಾಸ್ನಾನವಾಯಿತು. ಸ್ನಾನ ಕೊಟ್ಟ ಪಾದ್ರಿಯೋ ಎದುರು ನಿಂತ ಧರ್ಮಪಿತನೋ ತಮ್ಮ ಹೆಸರನ್ನೇ ಕೊಟ್ಟುಬಿಡುತ್ತಿದ್ದರು. ಹಾಗಾಗಿ ಅದು ರಕ್ತದಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು.

ಪ್ಯಾಟ್ ಅದನ್ನು ಅವಳ ಭಾಷೆಗೆ ತಿರುಗಿಸಿ ಹೇಳಿದ. ನೋನಾ ಒಂದು ಟೊಮೆಟೊ ಪೆಟ್ಟಿಗೆಯ ಮೇಲೆ ಕೂತು ದೀರ್ಘವಾಗಿ ಉಸಿರು ಬಿಟ್ಟಳು. “ಪಾದ್ರಿ ಕೊಟ್ಟದ್ದು,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳಂತೆ. ಅವಳ ಭಾರ ಇಳಿಯಿತು. ನನ್ನದು ಇನ್ನೂ ಪೂರ್ತಿ ಉಳಿದಿತ್ತು.

“ಈಗ ನನ್ನ ಪ್ರಶ್ನೆ,” ಎಂದೆ ಪ್ಯಾಟ್‌ಗೆ. “ನಿನ್ನ ಅಜ್ಜ ನಿಜವಾಗಿಯೂ ಸಿಸಿಲಿಯವರೇನಾ ಕೇಳು. ಇಂಡಿಯಾದಿಂದ ಓಡಿ ಬಂದು, ಇಟಲಿಯವನು ಅಂತ ಹೇಳಿಕೊಂಡವರು ಅಲ್ಲ ತಾನೇ.”

ಪ್ಯಾಟ್ ನನ್ನನ್ನೇ ನೋಡಿದ. ಸ್ಮಿತಾ ಆಚೆ ತಿರುಗಿದಳು. ಪಾಪದ ಹುಡುಗ, ತನ್ನ ಅಜ್ಜಿಯ ಮುಂದೆ ನಿಂತು, ನಿನ್ನ ಗಂಡ ಯಾರು ಎಂದು ಕೇಳಬೇಕು. ತಲೆ ತಗ್ಗಿಸಿಕೊಂಡು ಕೇಳಿದ. ಯಂತ್ರದ ಹತ್ತಿರವಿದ್ದವರು ಅದನ್ನು ನಿಲ್ಲಿಸಿದರು.

ನೋನಾ ಫೋಟೊ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದಳು. ನಗುತ್ತಲೇ ಹೇಳಿದ್ದನ್ನು ಪ್ಯಾಟ್ ತುಂಡು ತುಂಡಾಗಿ ನನಗೆ ಹೇಳಿದ. ಅವಳದೂ ಅವನದೂ ಎದುರು ಬದುರು ಮನೆ. ಚಿಕ್ಕಂದಿನಲ್ಲಿ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಪಡೆದದ್ದೂ ಇಬ್ಬರೂ ಒಂದೇ ದಿನ. ಅಂದು ಅವಳ ಜಡೆ ಎಳೆದು ಅವನು ಪೆಟ್ಟು ತಿಂದಿದ್ದ. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾಕ್ಕೆ ಬಂದ. ಮದುವೆಗೆ ಊರಿಗೆ ಹೋಗಲು ಕೈಲಾಗಲಿಲ್ಲ. ಅದಕ್ಕೆ ಊರಿನ ಇಗರ್ಜಿಯಲ್ಲಿ ಅವನ ಜಾಗದಲ್ಲಿ ಅವನ ಅಣ್ಣ ನಿಂತು ಅವಳ ಬೆರಳಿಗೆ ಉಂಗುರ ತೊಡಿಸಿದ. ಗಂಡ ಇಲ್ಲದೆ ಮದುವೆ, ಗಂಡನ ತಾಯಿಯ ಮುಂದೆಯೇ. ಆಮೇಲೆ ಹಡಗು ಹತ್ತಿ ಗಂಡನ ಹತ್ತಿರ ಬಂದಳು. ಹಾಗೆ ಮದುವೆಯಾಗಿ ಬಂದವರು ಆ ಹಡಗಿನ ತುಂಬ ಇದ್ದರಂತೆ.

“ಮತ್ತೆ ಹಡಗಿನ ಮಾತು ಯಾಕೆ ಎತ್ತುತ್ತಿರಲಿಲ್ಲ?” ಎಂದು ಕೇಳಿದೆ.

ನೋನಾ ಮೂಗು ಮುಚ್ಚಿ, ಹೊಟ್ಟೆ ಹಿಡಿದು, ವಾಂತಿಯ ಅಭಿನಯ ಮಾಡಿದಳು. ದಾರಿಯುದ್ದಕ್ಕೂ ಕಕ್ಕಿಕೊಂಡು, ಅಮ್ಮಾ ಎಂದು ಅತ್ತಿದ್ದನಂತೆ ಆ ವೀರ. ಜೊತೆಗೆ ಬಂದವರು ಸಾಯುವವರೆಗೂ ಅದನ್ನೇ ಹಿಡಿದು ಗೇಲಿ ಮಾಡುತ್ತಿದ್ದರು.

ಪಾಸ್ಕು ಬಾಪ್ಪು ಹಡಗಿನ ಅಡುಗೆಮನೆಯಲ್ಲಿ ಅನ್ನ ಬೇಯಿಸಿ ಸಮುದ್ರ ದಾಟಿದವನು. ಅವನಿಗೆ ಸಮುದ್ರ ಹೊಟ್ಟೆ ತೊಳಸುವ ವಸ್ತುವೇ ಅಲ್ಲ. ನಾನು ಆ ಪೆಟ್ಟಿಗೆಯ ಮೇಲೆ ನೋನಾಳ ಪಕ್ಕದಲ್ಲೇ ಕೂತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುವುದು ಬರೀ ಮಾತಲ್ಲ, ನಿಜವಾಗಿ ಉಸಿರು ಸಲೀಸಾಗುತ್ತದೆ. ಸ್ಮಿತಾ ಅಳುತ್ತಾ ನಗುತ್ತಾ ಪ್ಯಾಟ್‌ನ ಟೊಮೆಟೊ ಮೆತ್ತಿದ ಅಂಗಿಗೆ ಮುಖ ಒತ್ತಿದಳು.

“ಒಂದು ನಿಮಿಷ,” ಎಂದ ಪ್ಯಾಟ್. “ಇಷ್ಟು ದಿನ ನೀವು ನನ್ನನ್ನ ಅವಳ ಅಣ್ಣ ಅಂದುಕೊಂಡಿದ್ರಾ?”

“ಸುಮ್ಮನೆ ಇರು, ನಿನ್ನ ಅಜ್ಜಿಯೂ ಅದನ್ನೇ ಅಂದುಕೊಂಡದ್ದು,” ಎಂದೆ. ಮಧ್ಯಾಹ್ನ ಹೊರಗೆ ಗಾಳಿ ತಿರುಗಿ, ಬೆಂಕಿಯಂತಿದ್ದ ದಿನ ಒಮ್ಮೆಗೇ ತಣ್ಣಗಾಯಿತು. ಆ ಊರಲ್ಲಿ ಹವೆ ಹಾಗೆಯೇ. ಎಲ್ಲರೂ ಉದ್ದದ ಮೇಜಿಗೆ ಕೂತು ಉಂಡೆವು. ನೋನಾ ನನ್ನ ತಟ್ಟೆಗೆ ಬಡಿಸಿದ್ದು ಮುಗಿಯಲೇ ಇಲ್ಲ.

ಫೋನು

ಮನೆಗೆ ಬಂದು ಅಣ್ಣನಿಗೆ ಫೋನು ಹಚ್ಚಿದೆ. ನಮ್ಮಲ್ಲಿ ಸಂಜೆ, ಅವನಲ್ಲಿ ಮಧ್ಯಾಹ್ನ. ಊಟ ಮುಗಿಸಿ ಫೋನಿನ ಪಕ್ಕವೇ ಕೂತಿದ್ದನೆಂದು ಕಾಣುತ್ತದೆ. ಒಂದೇ ರಿಂಗಿಗೆ ಎತ್ತಿದ.

“ಅಲ್ಲ ಅಣ್ಣ. ನಮ್ಮವನಲ್ಲ. ಪೂರಾ ಸಿಸಿಲಿ,” ಎಂದೆ. ಎದುರು ಮನೆ, ಜಡೆ, ಉಂಗುರ, ವಾಂತಿ ಎಲ್ಲ ಹೇಳಿದೆ.

“ದೇವ್ರು ದೊಡ್ಡವ,” ಎಂದ. ಆಮೇಲೆ ಅವನ ಮೂಗೆಳೆಯುವ ಸದ್ದು ಕೇಳಿಸಿತು. “ಸ್ಮಿತಾಗೆ ಹೇಳು, ಅಪ್ಪ ಒಪ್ಪಿದ್ದಾನೆ ಅಂತ. ಇಷ್ಟು ದಿನ ಅಳಿಸಿದ್ದಕ್ಕೆ ಬೈಯಬೇಡ ಅಂತ ಹೇಳು. ಕ್ರಿಸ್ಮಸ್ ಆದ ಮೇಲೆ ಇಲ್ಲೇ ಮದುವೆ, ರೋಸ್ ಎಲ್ಲ ಸರಿಯಾಗಿ ಮಾಡುವಾ.” ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. “ಆ ಹುಡುಗ ತೆಂಗಿನ ಹಾಲು ಹಚ್ಚಿಸಿಕೊಳ್ತಾನಾ?”

“ಟೊಮೆಟೊದಲ್ಲಿ ಮುಳುಗಿದವನಿಗೆ ಅದೆಂತ ಕಷ್ಟ,” ಎಂದೆ.

ಅಣ್ಣ ನಕ್ಕ. ಆಮೇಲೆ ಬಂದದ್ದು ಬೇರೆಯೇ ದನಿ.

“ಹಾಗಾದ್ರೆ ಬಾಪ್ಪು ಸಿಗ್ಲಿಲ್ಲ ಅಲ್ವಾ ಹಿಲ್ಡಾ.”

ನಾನು ಅಷ್ಟು ದೂರ ಹೋದದ್ದು ಬಾಪ್ಪು ಸಿಗಬಾರದು ಎಂದೇ. ಸಿಗಲಿಲ್ಲ ಎಂದು ಕುಣಿದದ್ದೂ ನಾನೇ. ಈಗ ಹೊಳೆಯಿತು, ಅಣ್ಣ ಮಗಳಿಗಾಗಿ ಬೇಡ ಬೇಡ ಎನ್ನುತ್ತಲೇ, ಎಲ್ಲೋ ಒಂದು ಮೂಲೆಯಲ್ಲಿ ಚಿಕ್ಕಪ್ಪ ಬದುಕಿ ಬಾಳಿದ್ದ, ಹೆಂಡತಿ ಮಕ್ಕಳು ಇದ್ದರು ಎಂಬ ಸುದ್ದಿಗೂ ಕಾದಿದ್ದ. ನಾನೂ ಕಾದಿದ್ದೆನೇನೋ.

“ಇಲ್ಲ ಅಣ್ಣ. ಸಿಗ್ಲಿಲ್ಲ.”

“ಇವತ್ತು ತೇರ್ಸ್ ಆದ ಮೇಲೆ ಅವನ ಹೆಸರು ಯಾವ ಕಡೆ ಹೇಳ್ಲಿ? ತೀರಿಕೊಂಡವರ ಕಡೆ ಹಾಕ್ಲಾ? ನಂಗೂ ವಯಸ್ಸಾಯ್ತು. ನನ್ನ ನಂತರ ಹೇಳುವವರೂ ಇಲ್ಲ.”

ಕಿಟಕಿಯ ಆಚೆ ಪ್ಯಾಟ್ ಕಾರಿನ ಡಿಕ್ಕಿಯಿಂದ ನೋನಾ ಕೊಟ್ಟ ಸಾಸಿನ ಬಾಟಲಿಗಳನ್ನು ಇಳಿಸುತ್ತಿದ್ದ. ಸ್ಮಿತಾ ಬಾಗಿಲು ಹಿಡಿದು ನಿಂತಿದ್ದಳು.

“ಬೇಡ ಅಣ್ಣ. ಪ್ರಯಾಣದವರ ಕಡೆಯೇ ಇರಲಿ,” ಎಂದೆ. “ಹೇಗೂ ಕ್ರಿಸ್ಮಸ್ ಹೊತ್ತಿಗೆ ಒಬ್ಬ ಪಾಸ್ಕು ಕ್ಯಾಸ್ಟೆಲಿನೊ ಆಸ್ಟ್ರೇಲಿಯಾದಿಂದ ನಮ್ಮ ಮನೆಗೆ ಹೊರಡುತ್ತಾನಲ್ಲ.”